ಅಪ್ಪನ ಕುರ್ಚಿಗೆ ಬಿದ್ದ ಎರಡು ಗೀಟು

ಬೀದಿಯವರೆಲ್ಲ ನಮ್ಮ ಭಾವನನ್ನು ಕರೆಯುವುದು ‘ಮರದ ಡಾಕ್ಟರು’ ಎಂದು. ಯಾರ ಮನೆಗೆ ಹೋದರೂ ಸರಿ, ಮನೆಯವರ ಯೋಗಕ್ಷೇಮ ಕೇಳುವ ಮೊದಲು ಅವರ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಒಮ್ಮೆ ಮೂಸಿ, ‘ಹ್ಞೂಂ’ ಎನ್ನುವುದು ಅವರ ಅಭ್ಯಾಸ. ಆ ‘ಹ್ಞೂಂ’ ಕೇಳಿದ ಮನೆಯ ಯಜಮಾನ ತನ್ನ ಬಾಗಿಲಿಗೆ ಗಂಡಾಂತರ ಬಂದಿದೆಯೆಂದು ತಿಳಿದು ಮುಖ ಸಣ್ಣಗೆ ಮಾಡಿಕೊಳ್ಳುತ್ತಾನೆ. ಭಾವ ಅದನ್ನು ಗಮನಿಸದೆ ಮುಂದಿನ ಮೇಜಿಗೆ ಹೋಗಿರುತ್ತಾರೆ.

ಅವರ ಉದ್ಯೋಗವೇ ಅಂಥದ್ದು. ಊರಾಚೆ ಒಂದು ಕಾರ್ಖಾನೆ. ಜನ ಬೇಡವೆಂದು ಬಿಟ್ಟ ಮಂಚ, ಬಾಗಿಲು, ಸ್ಟೂಲು, ಪೆಟ್ಟಿಗೆ ಎಲ್ಲವೂ ಅಲ್ಲಿಗೆ ಬರುತ್ತವೆ. ಮೊಳೆ ಕಿತ್ತು, ಹಿಟ್ಟಿನಂತೆ ಪುಡಿ ಮಾಡಿ, ತೇವ ಆರಿಸಿ, ಹಳೆಯ ಪ್ಲಾಸ್ಟಿಕ್ ಕರಗಿಸಿ ಅದರೊಡನೆ ಬೆರೆಸಿ, ಅಚ್ಚಿನಿಂದ ಹೊರಗೆ ತಳ್ಳಿದರೆ ಹಲಗೆ. ಮಳೆಗೆ ಊದುವುದಿಲ್ಲ, ಗೆದ್ದಲು ಮೂಸಿಯೂ ನೋಡುವುದಿಲ್ಲ. ಭಾವನ ಕೆಲಸ ಇದರ ಮೊದಲ ಮೆಟ್ಟಿಲಿನದು. ಹಳೆಯ ಮರವನ್ನು ನೋಡಿ ಹಳದಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ತೇಗದಂಥ ಒಳ್ಳೆಯ ಮರವಾದರೆ ಒಂದು ಸುತ್ತು. ಅದನ್ನು ಪುಡಿ ಮಾಡುವಂತಿಲ್ಲ, ಬಡಗಿಗಳಿಗೆ ಹೋಗುತ್ತದೆ. ಸಾಮಾನ್ಯ ಮರವಾದರೆ ಎರಡು ಗೀಟು. ಅದು ನೆಟ್ಟಗೆ ಯಂತ್ರದ ಬಾಯಿಗೆ. ಒಳ್ಳೆಯ ಮರಕ್ಕೆ ಎರಡು ಗೀಟು ಎಳೆದು ಪುಡಿ ಮಾಡಿಸಿದವನಿಗೆ ಆ ಕಾರ್ಖಾನೆಯಲ್ಲಿ ಕ್ಷಮೆಯಿಲ್ಲ. ಭಾವನ ಹಿಂದಿನವನು ಮನೆಗೆ ಹೋದದ್ದು ಹಾಗೆಯೇ.

ಇಂಥ ಭಾವನಿಗೆ ಎಂಥ ಮಾವ ಸಿಕ್ಕಬೇಕು ಹೇಳಿ? ನಮ್ಮ ಅಪ್ಪ ಕಲಬೆರಕೆ ತಡೆಯುವ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಮೆಣಸಿನ ಪುಡಿಯಲ್ಲಿ ಇಟ್ಟಿಗೆ ಪುಡಿ, ಕಾಳುಮೆಣಸಿನಲ್ಲಿ ಪಪ್ಪಾಯಿ ಬೀಜ, ಹಾಲಿನಲ್ಲಿ ನೀರು, ಎಣ್ಣೆಯಲ್ಲಿ ಬೇರೆ ಎಣ್ಣೆ ಹಿಡಿಯುತ್ತ ಆಯುಷ್ಯ ಕಳೆದವರು. ಈಗಲೂ ಅವರ ಜೇಬಿನಲ್ಲೊಂದು ಭೂತಕನ್ನಡಿ ಇರುತ್ತದೆ. ಅಕ್ಕ ಭಾವನನ್ನು ಮೆಚ್ಚಿ, ‘ಅವರು ಮರದ ಲೈನಿನಲ್ಲಿದ್ದಾರೆ ಅಪ್ಪ’ ಎಂದಾಗ ಅಪ್ಪ ದೊಡ್ಡ ದೊಡ್ಡ ದಿಮ್ಮಿಗಳನ್ನು ಕಲ್ಪಿಸಿಕೊಂಡು ಒಪ್ಪಿದ್ದರು. ಪ್ಲಾಸ್ಟಿಕ್ಕಿನ ವಿಷಯ ತಿಳಿದದ್ದು ಮದುವೆಯ ಊಟಕ್ಕೆ ಕೂತಾಗ.

“ಮರಕ್ಕೆ ಪ್ಲಾಸ್ಟಿಕ್ ಬೆರೆಸ್ತಾರಾ?” ಎಂದು ಅಪ್ಪ ಕೇಳಿದರಂತೆ.

“ಹೌದು ಮಾವ, ಚೆನ್ನಾಗಿ ಬೆರೆಸ್ತೀವಿ,” ಎಂದು ಭಾವ ಹೆಮ್ಮೆಯಿಂದ ಹೇಳಿದರಂತೆ.

ಅಪ್ಪ ಅರ್ಧಕ್ಕೇ ಕೈತೊಳೆದರು. ಅಂದಿನಿಂದ ಅವರು ಭಾವನೊಡನೆ ನೇರವಾಗಿ ಮಾತಾಡಿದ್ದಿಲ್ಲ. ಒಮ್ಮೆಯಾದರೂ ‘ಅಳಿಯಂದಿರೇ’ ಎಂದು ಕರೆದಿದ್ದಿಲ್ಲ. ಏನಿದ್ದರೂ ಅಕ್ಕನ ಮೂಲಕ. ಮಾವನ ಬಾಯಿಂದ ಆ ಒಂದು ಮಾತು ಬಿದ್ದರೆ ಸಾಕೆಂದು ಭಾವ ಹಂಬಲಿಸುತ್ತಿದ್ದುದು ನನಗೆ ಗೊತ್ತು. ಕಾರ್ಖಾನೆಯಲ್ಲಿ ಬಡ್ತಿ ಬಂದಾಗಲೂ ಅವರು ಮೊದಲು ಕೇಳಿದ್ದು, “ಮಾವ ಏನಂದ್ರು?” ಎಂದೇ. ಅಪ್ಪ ಏನೂ ಅಂದಿರಲಿಲ್ಲ.

ಆ ಭಾನುವಾರ ಅಮ್ಮ ಹಿತ್ತಲಲ್ಲಿ ಬಿದ್ದಿದ್ದ ಕಾಲು ಮುರಿದ ಸ್ಟೂಲನ್ನು ಕಾರ್ಖಾನೆಗೆ ಕೊಟ್ಟುಬಿಡೋಣವೆಂದು ಭಾವನಿಗೆ ಬರಹೇಳಿದ್ದಳು. ಭಾವ, ಅಕ್ಕ ಬಂದು ನಡುಮನೆಯಲ್ಲಿ ಕೂತರು. ಅಪ್ಪ ತಮ್ಮ ಆರಾಮಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು.

ಆ ಕುರ್ಚಿಯ ಬಗ್ಗೆ ಹೇಳಲೇಬೇಕು. ಅದು ಊರಿನ ವರ್ತಕರೆಲ್ಲ ಸೇರಿ ಅಪ್ಪನಿಗೆ ಕೊಟ್ಟ ಉಡುಗೊರೆ. ಸೇವೆಯಲ್ಲಿದ್ದಾಗ ಒಂದು ಲೋಟ ನೀರನ್ನೂ ಮುಟ್ಟದ ಅಪ್ಪ, ನಿವೃತ್ತರಾದ ಮರುದಿನ ಕೊಟ್ಟದ್ದು ಲಂಚವಾಗುವುದಿಲ್ಲವೆಂದು ನಿಯಮದ ಪುಸ್ತಕ ತಿರುವಿ ಖಚಿತಪಡಿಸಿಕೊಂಡೇ ಅದನ್ನು ಒಳಗಿಟ್ಟುಕೊಂಡಿದ್ದರು. ಜೀವಮಾನವಿಡೀ ದಂಡ ಹಾಕಿಸಿಕೊಂಡ ಎಣ್ಣೆ ಅಂಗಡಿಯ ಯಜಮಾನರೇ ಭಾಷಣ ಮಾಡಿ, “ಅಪ್ಪಟ ಮನುಷ್ಯರಿಗೆ ಅಪ್ಪಟ ತೇಗ,” ಎಂದಿದ್ದರು. ಅಪ್ಪ ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಬಾರದವರಿಗೆ ಫೋನು ಮಾಡಿ ಹೇಳುತ್ತಿದ್ದರು.

ಪೇಪರಿನ ಹಿಂದಿನಿಂದ ಅಪ್ಪನ ಧ್ವನಿ ಬಂತು. “ಮಗಳೇ, ನಿಮ್ಮ ಯಜಮಾನ್ರು ಕಾಫಿ ಕುಡೀತಾರಾ ಕೇಳು.”

ಭಾವನ ಮೊಣಕಾಲಿಗೂ ಅಪ್ಪನ ಮೊಣಕಾಲಿಗೂ ಗೇಣಿನಷ್ಟೂ ಅಂತರವಿರಲಿಲ್ಲ.

“ಕುಡೀತೀನಿ ಅಂತ ಹೇಳು,” ಎಂದರು ಭಾವ.

“ಕುಡೀತಾರಂತೆ,” ಎಂದಳು ಅಕ್ಕ, ಕೈಯಲ್ಲಿದ್ದ ಹೊಲಿಗೆಯಿಂದ ಕಣ್ಣೆತ್ತದೆ.

“ಸಕ್ಕರೆ ಎಷ್ಟು ಅಂತೆ?”

“ಒಂದೇ ಚಮಚ ಸಾಕು ಅಂತ ಹೇಳು.”

“ಎರಡು ಅಂತೆ,” ಎಂದಳು ಅಕ್ಕ. ಅವಳಿಗೆ ಗಂಡನ ಸಂಕೋಚ ಗೊತ್ತು.

ಅಡುಗೆಮನೆಯಲ್ಲಿ ನಲ್ಲಿ ಸೋರುವ ಸದ್ದಾಗಿ ಅಪ್ಪ ಎದ್ದುಹೋದರು. ತಿರುಗಿ ಬರುವಷ್ಟರಲ್ಲಿ ಭಾವ ಕುರ್ಚಿಯ ಹಿಂದೆ ಮಂಡಿಯೂರಿ ಕೂತು ಅದರ ಬೆನ್ನನ್ನು ಬಡಿದು, ಕಿವಿಗೊಟ್ಟು, ಮೂಸುತ್ತಿದ್ದರು.

“ಮಗಳೇ, ನಿಮ್ಮ ಯಜಮಾನ್ರಿಗೆ ಏನಾಗಿದೆ?”

ಭಾವ ಕಕ್ಕಾಬಿಕ್ಕಿಯಾದರು. ಆದರೆ ಇಂಥ ಅವಕಾಶ ಮತ್ತೆ ಸಿಕ್ಕೀತೇ? ಎದ್ದುನಿಂತು ಎರಡೂ ಕೈ ಚಾಚಿ, “ಮಾವ! ಎಂಥಾ ಕುರ್ಚಿ ಮಾವ ಇದು! ಇಂಥ ತೇಗ ಈಗ ಎಲ್ಲಿ ಸಿಗುತ್ತೆ? ನಮ್ಮಲ್ಲಿಗೆ ಬೆಟ್ಟದಷ್ಟು ಮರ ಬಂದಿದೆ, ಇಂಥದ್ದು ಒಂದೂ ನೋಡಿಲ್ಲ. ಇದು ಕುರ್ಚಿ ಅಲ್ಲ ಮಾವ, ಸಿಂಹಾಸನ!” ಎಂದುಬಿಟ್ಟರು.

ಅಪ್ಪನ ಮುಖ ಅರಳಿತು. ಹುಬ್ಬು ಮೇಲೇರಿತು. ತುಟಿ ತೆರೆಯಿತು. “ಅಳಿ…” ಎಂದರು.

ಅಕ್ಕ ಹೊಲಿಗೆಯಿಂದ ಕಣ್ಣೆತ್ತಿದಳು. ಅಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಅಪ್ಪನಿಗೆ ಕೆಮ್ಮು ಬಂತು. ಕೆಮ್ಮು ಮುಗಿದ ಮೇಲೆ ಆ ಮಾತಿನ ಉಳಿದರ್ಧ ಎಲ್ಲೋ ಹೋಗಿತ್ತು. ಆದರೂ ಅರ್ಧವಾದರೂ ಬಂತಲ್ಲ ಎಂದು ಭಾವ ಹಿಗ್ಗಿ ಹೀರೇಕಾಯಾದರು. ಆ ಹಿಗ್ಗಿನಲ್ಲಿ ಹಿತ್ತಲಿಗೆ ಹೋಗಿ ಸ್ಟೂಲಿಗೆ ಗುರುತು ಹಾಕುವುದನ್ನೇ ಮರೆತು ಮನೆಗೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ವ್ಯಾನು ಬಂದಾಗ ಅಪ್ಪ ಸ್ನಾನಕ್ಕೆ ಹೋಗಿದ್ದರು. ಅಮ್ಮ ಒಲೆಯ ಮುಂದಿನಿಂದಲೇ, “ಗುರುತು ಹಾಕಿರೋದನ್ನ ಎತ್ಕೊಂಡು ಹೋಗ್ರಪ್ಪಾ,” ಎಂದು ಕೂಗಿದಳು. ವ್ಯಾನಿನವರು ಬಹಳ ಶಿಸ್ತಿನ ಜನ. ಹಿತ್ತಲ ಸ್ಟೂಲನ್ನು ತಿರುಗಿಸಿ ನೋಡಿದರು, ಗುರುತಿಲ್ಲ. ಅದನ್ನು ಮುಟ್ಟಲಿಲ್ಲ. ನಡುಮನೆಗೆ ಬಂದರು, ಅಪ್ಪನ ಕುರ್ಚಿಯ ಬೆನ್ನ ಹಿಂದೆ ಹಳದಿ ಬಣ್ಣದ ಎರಡು ಗೀಟು ಎದ್ದು ಕಾಣುತ್ತಿತ್ತು. ಕುರ್ಚಿಯ ಮೇಲಿದ್ದ ಪೇಪರನ್ನು ಮಡಿಸಿ ನೆಲದ ಮೇಲಿಟ್ಟು, ಕನ್ನಡಕವನ್ನು ಅದರ ಮೇಲೆ ಜೋಪಾನವಾಗಿಟ್ಟು, ಕುರ್ಚಿಯನ್ನು ಹೊತ್ತು ನಡೆದರು.

ಅಪ್ಪ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದರು. ವರ್ಷಗಟ್ಟಲೆಯಿಂದ ಕೂತ ಜಾಗ, ನೋಡಿ ಕೂರುವ ಅಗತ್ಯವೇನಿದೆ? ಟವೆಲು ಮುಖದ ಮೇಲಿರುವಾಗಲೇ ‘ಅಮ್ಮಾ’ ಎನ್ನುತ್ತ ಆರಾಮವಾಗಿ ಕೂತರು.

ಆ ಸದ್ದಿಗೆ ಎದುರುಮನೆಯಾಕೆ ಕಿಟಕಿ ತೆರೆದರು.

ಸುದ್ದಿ ಮುಟ್ಟಿದ್ದೇ ಭಾವ ಸ್ಕೂಟರಿನಲ್ಲಿ ಬಂದರು. ಒಳಗೆ ಬರಲು ಧೈರ್ಯ ಸಾಲದೆ ಗೇಟಿನಿಂದಲೇ ನನ್ನನ್ನು ಕರೆದು ಹಿಂದೆ ಕೂರಿಸಿಕೊಂಡು ಕಾರ್ಖಾನೆಗೆ ಹಾರಿಸಿದರು. ದಾರಿಯುದ್ದಕ್ಕೂ ನಾನು ಬಯ್ಯುತ್ತಿದ್ದೆ.

“ಅಲ್ಲ ಭಾವ, ಸಿಂಹಾಸನ ಅಂದ್ರಿ! ಇಂಥ ತೇಗ ನೋಡಿಲ್ಲ ಅಂದ್ರಿ! ಹಾಗಾದ್ರೆ ಸುತ್ತು ಹಾಕ್ಬೇಕಿತ್ತು ತಾನೇ? ಎರಡು ಗೀಟು ಯಾಕೆ ಹಾಕಿದ್ರಿ?”

ಭಾವ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿದರು. ಸುತ್ತಮುತ್ತ ನೋಡಿದರು. ಆಮೇಲೆ ಪಿಸುಗುಟ್ಟಿದರು. “ಅದು ತೇಗ ಅಲ್ಲ ಕಣೋ.”

“ಏನು?”

“ಒಳಗೆಲ್ಲ ಪೆಟ್ಟಿಗೆ ಮಾಡೋ ಬಿಳಿ ಮರ. ಮೇಲೆ ಕಾಗದದಷ್ಟು ತೆಳ್ಳಗೆ ತೇಗದ ಪದರ ಅಂಟಿಸಿ ಪಾಲಿಶ್ ಹೊಡ್ದಿದ್ದಾರೆ. ಬಡಿದ ತಕ್ಷಣ ಗೊತ್ತಾಯ್ತು.”

“ಮತ್ತೆ ಹಾಗೆ ಹೊಗಳಿದ್ರಲ್ಲ?”

“ಬಾಯಿ ಹೊಗಳ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿಬಿಡ್ತು. ಎರಡನ್ನೂ ಒಟ್ಟಿಗೆ ನೋಡ್ಕೊಳ್ಳೋಕೆ ನನಗೆ ಬರಲ್ಲ ಮಾರಾಯ.” ಭಾವ ನನ್ನ ಎರಡೂ ಕೈ ಹಿಡಿದುಕೊಂಡರು. “ನಿನ್ನ ಕಾಲಿಗೆ ಬೀಳ್ತೀನಿ, ಮಾವನಿಗೆ ಮಾತ್ರ ಗೊತ್ತಾಗ್ಬಾರ್ದು. ಊರಿನ ಕಲಬೆರಕೆ ಎಲ್ಲ ಹಿಡಿದವರು ಅವರು. ತಾವು ಕೂತಿದ್ದೇ ಕಲಬೆರಕೆ ಅಂತ ಗೊತ್ತಾದ್ರೆ ಕುಗ್ಗಿ ಹೋಗ್ತಾರೆ.”

ಗುಟ್ಟು ಬಿಡುವುದಿಲ್ಲವೆಂದು ಮಾತು ಕೊಟ್ಟೆ. ಈ ಮನುಷ್ಯನನ್ನು ಮೆಚ್ಚಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಕಾರ್ಖಾನೆ ಮುಟ್ಟುವ ಹೊತ್ತಿಗೆ ಕುರ್ಚಿ ಹಿಟ್ಟಾಗಿತ್ತು. ಯಂತ್ರದ ಹತ್ತಿರವಿದ್ದವನು ಮೂಲೆಯಿಂದ ಒಂದು ತುಂಡು ತಂದುಕೊಟ್ಟ. ಕುರ್ಚಿಯ ಬಲಗೈ. ಒಳಗೆ ಸ್ಕ್ರೂ ಕಚ್ಚಿಕೊಂಡಿದ್ದರಿಂದ ಅದೊಂದನ್ನು ಯಂತ್ರಕ್ಕೆ ಹಾಕಿರಲಿಲ್ಲ. ಭಾವ ಅದನ್ನು ಕದ್ದ ಮಾಲಿನಂತೆ ಅಂಗಿಯೊಳಗೆ ತುರುಕಿ ತಂದು ಸ್ಕೂಟರಿನ ಡಬ್ಬಿಯಲ್ಲಿಟ್ಟು ಬೀಗ ಹಾಕಿದರು.

ಇತ್ತ ಅಪ್ಪ ಒಂದು ಘನಘೋರ ನಿರ್ಧಾರಕ್ಕೆ ಬಂದಿದ್ದರು. ತಮ್ಮ ಕುರ್ಚಿ ಬರುವವರೆಗೆ ಬೇರೆ ಯಾವುದರ ಮೇಲೂ ಕೂರುವುದಿಲ್ಲ. ಪೇಪರನ್ನು ನಿಂತು ಓದಿದರು. ಕಾಫಿಯನ್ನು ನಿಂತು ಕುಡಿದರು. ಊಟಕ್ಕೆ ತಟ್ಟೆಯನ್ನು ಕಪಾಟಿನ ಮೇಲಿಟ್ಟುಕೊಂಡು, ಎತ್ತರದ ಡಬ್ಬಿಗಳ ನಡುವೆ ಮುಖವಿಟ್ಟು ಉಂಡರು.

“ರೀ, ಮಂಚದ ಮೇಲಾದ್ರೂ ಕೂತ್ಕೊಳ್ಳಿ,” ಎಂದಳು ಅಮ್ಮ.

“ಮಂಚ ಇರೋದು ಮಲಗೋಕೆ. ಒಂದನ್ನ ಇನ್ನೊಂದಕ್ಕೆ ಬಳಸೋದೂ ಕಲಬೆರಕೇನೇ,” ಎಂದರು ಅಪ್ಪ.

ಕಿಟಕಿಯಲ್ಲಿ ದಿನವಿಡೀ ನಿಂತೇ ಇರುವ ಅಪ್ಪನನ್ನು ಎದುರುಮನೆಯಾಕೆ ನೋಡಿದರು. ಬೆಳಿಗ್ಗೆ ಕೇಳಿದ ಸದ್ದನ್ನು ಇದಕ್ಕೆ ಜೋಡಿಸಿದರು. ಸಂಜೆಯ ಹೊತ್ತಿಗೆ, ನಮ್ಮ ಅಪ್ಪನಿಗೆ ಕೂರಲಾಗದಂಥ ಕಾಯಿಲೆ ಬಂದಿದೆಯೆಂಬ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಒಬ್ಬರು ಮೆತ್ತನೆಯ ದಿಂಬು ಕಳಿಸಿದರು. ಇನ್ನೊಬ್ಬರು ನಡುವೆ ತೂತಿರುವ ರಬ್ಬರ್ ಉಂಗುರ ತಂದು ಅಮ್ಮನ ಕೈಗೆ ಗುಟ್ಟಾಗಿ ಕೊಟ್ಟು, “ಗಾಳಿ ಜಾಸ್ತಿ ತುಂಬಬೇಡಿ,” ಎಂದು ಹೇಳಿಹೋದರು. ಎಣ್ಣೆ ಅಂಗಡಿಯ ಯಜಮಾನರು ಸ್ವತಃ ಬಂದು, “ಮಸಾಲೆ ಪದಾರ್ಥ ಕಮ್ಮಿ ಮಾಡಿ ಸ್ವಾಮೀ,” ಎಂದು ಅಪ್ಪನಿಗೇ ಸಲಹೆ ಕೊಟ್ಟರು. ಅಪ್ಪ ಅವರನ್ನು ನಿಂತುಕೊಂಡೇ ಹೊರಗಟ್ಟಿದರು.

ಹೀಗೇ ಒಂದು ವಾರ ಕಳೆದ ಮೇಲೆ ಅಕ್ಕ ನೋಡಲಾರದೆ ಅಪ್ಪನೆದುರು ನಿಂತಳು. ಅವಳ ಹಿಂದೆ ಭಾವ, ಭಾವನ ಹಿಂದೆ ನಾನು.

“ಅಪ್ಪಾ, ನಿಮ್ಮ ಕುರ್ಚಿ ಸತ್ತಿಲ್ಲ. ಅದರ ಪುಡಿಯಿಂದ ಹಲಗೆ ಮಾಡಿ, ಆ ಹಲಗೇಲಿ ಪಾರ್ಕಿಗೆ ಬೆಂಚು ಮಾಡಿದ್ದಾರೆ. ನಿನ್ನೆ ತಂದು ಹಾಕಿದ್ದಾರೆ.”

“ಪ್ಲಾಸ್ಟಿಕ್ ಬೆರೆಸಿ?”

“ಬೆರೆಸಿ.”

ಅಪ್ಪ ಕಣ್ಣುಮುಚ್ಚಿದರು. “ಅಪ್ಪಟ ತೇಗಕ್ಕೆ ಹಾಲಿನ ಕವರು! ಈ ಕಣ್ಣಲ್ಲಿ ಅದನ್ನ ನೋಡ್ಬೇಕಾಗಿ ಬಂತಲ್ಲ. ನಡೀರಿ, ನೋಡೇಬಿಡೋಣ.” ಭೂತಕನ್ನಡಿ ಇದೆಯೇ ಎಂದು ಜೇಬು ಮುಟ್ಟಿ ನೋಡಿಕೊಂಡು ಹೊರಟರು. ಹಿಂದೆ ಅಮ್ಮ, ಅಕ್ಕ, ನಾನು, ಎಲ್ಲರ ಹಿಂದೆ ಸ್ಕೂಟರು ತಳ್ಳಿಕೊಂಡು ಭಾವ.

ಪಾರ್ಕಿನಲ್ಲಿ ಕಂದುಬಣ್ಣದ ಹೊಸ ಬೆಂಚು ನುಣ್ಣಗೆ ಹೊಳೆಯುತ್ತಿತ್ತು. ಅಪ್ಪ ಅದರ ಸುತ್ತ ತಿರುಗಿದರು. ಬಗ್ಗಿ ಕೆಳಗೆ ನೋಡಿದರು. ಭೂತಕನ್ನಡಿ ಹಿಡಿದು ಅಂಚನ್ನು ಪರೀಕ್ಷಿಸಿದರು. ಕಡೆಗೆ, ಪರೀಕ್ಷೆಯ ಅಂಗವಾಗಿ ಮಾತ್ರ ಎಂಬ ಮುಖಭಾವದಲ್ಲಿ ಕೂತರು.

ಎಷ್ಟೋ ದಿನ ನಿಂತ ಕಾಲು. ಕೂತದ್ದೇ ಅಪ್ಪನ ಬಾಯಿಂದ ಒಂದು ದೀರ್ಘವಾದ ‘ಆಹಾ’ ಬಂತು. ತಕ್ಷಣ ಅದನ್ನು ಕೆಮ್ಮಿನಲ್ಲಿ ಮುಚ್ಚಿದರು. ಆದರೆ ಏಳಲಿಲ್ಲ. ಕತ್ತಲಾಗುವ ಮೊದಲು ಪಾರ್ಕಿನ ಕಾವಲುಗಾರ ಬಂದು ಸೀಟಿ ಊದಿ, “ಏಳಿ ಯಜಮಾನ್ರೇ, ಬಾಗಿಲು ಹಾಕ್ಬೇಕು,” ಎಂದ.

“ಏಳಲ್ಲ. ಇದು ನನ್ನ ಕುರ್ಚಿ.”

“ಇದು ಬೆಂಚು.”

“ಈಗ ಬೆಂಚು. ಹೋದ ವಾರ ನನ್ನ ಕುರ್ಚಿ. ಈ ಬೆಂಚನ್ನ ನಾನು ಜಪ್ತಿ ಮಾಡಿದ್ದೀನಿ.”

ಕಾವಲುಗಾರನಿಗೆ ಸೀಟಿ ಊದುವುದೊಂದನ್ನು ಬಿಟ್ಟು ಬೇರೆ ಅಧಿಕಾರವಿರಲಿಲ್ಲ. ಅದನ್ನೇ ಜೋರಾಗಿ ಊದಿದ. ಜನ ಸೇರಿದರು. ಎದುರುಮನೆಯಾಕೆ ವಾಯುವಿಹಾರ ನಿಲ್ಲಿಸಿ ಬಂದವರು, “ಅಯ್ಯೋ, ಇವರು ಕೂತಿದ್ದಾರೆ!” ಎಂದು ಅಚ್ಚರಿಪಟ್ಟರು. ಆಮೇಲೆ ವಿಷಯ ಕೇಳಿ ಸೆರಗು ಬಿಗಿದರು.

“ಏನು, ಅದೇ ವ್ಯಾನಾ? ಹಾಗಾದ್ರೆ ಅವತ್ತು ನಮ್ಮತ್ತೆ ಮಂಚಾನೂ ಅದರಲ್ಲೇ ಹೋಯ್ತಲ್ಲ! ಅದೂ ಇದರಲ್ಲೇ ಇರ್ಬೇಕು. ಸರೀರಿ ಆ ಕಡೆ.” ಹೇಳುತ್ತ ಅಪ್ಪನ ಪಕ್ಕದಲ್ಲಿ ಗಟ್ಟಿಯಾಗಿ ಕೂತೇಬಿಟ್ಟರು. “ಅತ್ತೆ ಇದ್ದಷ್ಟು ದಿನ ಆ ಮಂಚದ ಮೇಲೆ ನನ್ನನ್ನ ಒಂದು ದಿನ ಕೂರಿಸಿದ್ರೆ ಕೇಳಿ!”

ಆ ವಾರ ಬೀದಿಯ ಅರ್ಧದಷ್ಟು ಜನ ಆ ವ್ಯಾನಿಗೆ ಏನಾದರೊಂದು ಕೊಟ್ಟಿದ್ದರು. ಒಬ್ಬರ ಬಚ್ಚಲ ಬಾಗಿಲು, ಒಬ್ಬರ ತೊಟ್ಟಿಲು, ಎಣ್ಣೆ ಅಂಗಡಿಯ ಯಜಮಾನರ ಹಳೆಯ ಗಲ್ಲಾಪೆಟ್ಟಿಗೆ, ಎಲ್ಲಕ್ಕೂ ಹಕ್ಕುದಾರರು ಹುಟ್ಟಿಕೊಂಡರು. ಬೆಂಚಿನಲ್ಲಿ ಜಾಗ ತುಂಬಿ ಅದರ ಕೈಗಳ ಮೇಲೂ ಜನ ಕೂತರು. ‘ಈ ಗಂಟು ನಮ್ಮ ಬಾಗಿಲಿನದೇ’ ಎಂದು ಒಬ್ಬರು ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದರು. ಪುಡಿಯಾಗಿ, ಬೆರೆತು, ಅಚ್ಚಿನಿಂದ ಬಂದದ್ದಕ್ಕೆ ಗಂಟೆಲ್ಲಿಂದ ಬರಬೇಕು? ಅದು ಯಾರೋ ಉಗುಳಿದ ಬಬಲ್‌ಗಮ್ಮು.

ಕಾವಲುಗಾರ ಫೋನು ಮಾಡಿದ್ದರಿಂದ ಪಾರ್ಕಿನ ಅಧಿಕಾರಿಗಳು ಜೀಪಿನಲ್ಲಿ ಬಂದಿಳಿದರು. ಜೊತೆಗೆ ಕಾರ್ಖಾನೆಯ ಮೇಸ್ತ್ರಿಯನ್ನೂ ಹಿಡಿದು ತಂದಿದ್ದರು. ಅಧಿಕಾರಿಗಳಿಗೆ ಅಪ್ಪ ಯಾರೆಂದು ಎದುರುಮನೆಯಾಕೆ ಕಿವಿಯಲ್ಲಿ ಹೇಳಿದ್ದೇ ತಡ, ಅವರ ಮುಖದ ಬಣ್ಣ ಬದಲಾಯಿತು.

“ಕಲಬೆರಕೆ ಇಲಾಖೆಯವರಾ! ಸಾರ್, ಮೊದಲೇ ಹೇಳ್ಬಾರ್ದಾ? ಏನಾಗಿದೆ ಸಾರ್?”

ಅಪ್ಪ ಕೂತಲ್ಲಿಂದಲೇ ಎದೆ ಸೆಟೆದರು. “ಅಪ್ಪಟ ತೇಗದ ಕುರ್ಚಿಯನ್ನ ಪುಡಿ ಮಾಡಿ ಪ್ಲಾಸ್ಟಿಕ್ಕಿಗೆ ಬೆರೆಸಿದ್ದಾರೆ.”

ಮೇಸ್ತ್ರಿ ಬೆಚ್ಚಿಬಿದ್ದರು. “ತೇಗಾನಾ? ಸಾಧ್ಯವೇ ಇಲ್ಲ ಸಾರ್! ತೇಗ ಪುಡಿ ಮಾಡೋದು ನಮ್ಮಲ್ಲಿ ಮಹಾಪರಾಧ. ಸುತ್ತು ಹಾಕಿ ಬೇರೆ ಇಡ್ತೀವಿ.” ಆಮೇಲೆ ಭಾವನ ಕಡೆ ತಿರುಗಿದರು. “ಗುರುತು ಹಾಕಿದ್ದು ನೀವಲ್ವಾ? ಹೇಳಿ, ಅದು ತೇಗಾನಾ, ಬೇರೆ ಮರಾನಾ? ಬೇರೆ ಮರ ಆದ್ರೆ ಇಲ್ಲಿಗೆ ಮುಗೀತು. ತೇಗಕ್ಕೆ ಎರಡು ಗೀಟು ಹಾಕಿದ್ರೆ ಮಾತ್ರ ನಾಳೆಯಿಂದ ನೀವು ಬರೋದು ಬೇಡ.”

ಎಲ್ಲರೂ ಭಾವನತ್ತ ನೋಡಿದರು. ಒಂದೇ ಮಾತು, ‘ತೇಗ ಅಲ್ಲ’ ಎಂದುಬಿಟ್ಟರೆ ಕೆಲಸ ಉಳಿಯುತ್ತದೆ. ಆದರೆ ಇಷ್ಟು ಜನರ ನಡುವೆ, ಅದೂ ಎಣ್ಣೆ ಅಂಗಡಿಯವರ ಎದುರಿನಲ್ಲಿ, ಅಪ್ಪನ ಮಾನ ಉಳಿಯುತ್ತದೆಯೇ? ಭಾವ ಅಕ್ಕನ ಮುಖ ನೋಡಿದರು, ಅಪ್ಪನ ಮುಖ ನೋಡಿದರು, ಕೊನೆಗೆ ನೆಲ ನೋಡಿದರು. ಮೊಣಕೈ ಕೆರೆದುಕೊಂಡರು. ಸುಳ್ಳು ಹೇಳುವಾಗ ಅವರಿಗೆ ಅಲ್ಲಿ ತುರಿಕೆಯಾಗುತ್ತದೆ.

“ತೇಗವೇ. ಅಪ್ಪಟ ತೇಗ. ನಂದೇ ತಪ್ಪು.”

ಸುತ್ತ ನಿಂತವರು ‘ಛೆ ಛೆ’ ಎಂದರು. ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಪ್ಪ ಮಾತ್ರ ಭಾವನ ಮೊಣಕೈಯನ್ನೇ ನೋಡುತ್ತಿದ್ದರು. ನೀರು ಬೆರೆಸಿಲ್ಲ ಎಂದು ಆಣೆ ಮಾಡುವ ಎಷ್ಟೋ ಹಾಲಿನವರನ್ನು ನೋಡಿದ ಕಣ್ಣದು!

ಆಗ ಅಕ್ಕ ಅಳುತ್ತ ಸ್ಕೂಟರಿನ ಹತ್ತಿರ ಹೋದಳು. ಕಣ್ಣೊರೆಸಿಕೊಳ್ಳಲು ಬಟ್ಟೆ ಹುಡುಕಲೆಂದು ತನ್ನ ಬೀಗದ ಕೈಯಿಂದ ಡಬ್ಬಿ ತೆರೆದಳು. ಭಾವ, “ಬೇಡ ಕಣೇ! ಅದರಲ್ಲಿ ಬಟ್ಟೆ ಇಲ್ಲ!” ಎಂದು ಓಡುವಷ್ಟರಲ್ಲಿ ಅವಳು ಅಲ್ಲಿಂದಲೇ ಕೂಗಿದಳು.

“ಅಪ್ಪಾ! ನಿಮ್ಮ ಕುರ್ಚಿಯ ಒಂದು ಕೈ ಉಳಿದಿದೆ ಅಪ್ಪಾ!”

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆರವಣಿಗೆಯಂತೆ ತಂದು ಅಪ್ಪನ ತೊಡೆಯ ಮೇಲಿಟ್ಟಳು. ಭಾವ ತಲೆಯ ಮೇಲೆ ಕೈಹೊತ್ತು ಹುಲ್ಲಿನ ಮೇಲೆ ಕುಕ್ಕರಿಸಿದರು. ನಾನು ಆಕಾಶ ನೋಡಿದೆ.

ಅಪ್ಪ ತುಂಡನ್ನು ಸವರಿದರು. ಆಮೇಲೆ ಮುರಿದ ಕಡೆಗೆ ತಿರುಗಿಸಿದರು. ಭೂತಕನ್ನಡಿ ಹೊರಬಂತು. ಅಪ್ಪ ಉಗುರಿನಿಂದ ಅಂಚನ್ನು ಕೆರೆದರು. ಸಿಪ್ಪೆ ಎದ್ದಿತು. ಇನ್ನಷ್ಟು ಎಳೆದರು. ಕಂದುಬಣ್ಣದ ತೆಳು ಪದರ ಹಪ್ಪಳದಂತೆ ಮೇಲೆದ್ದು ಒಳಗಿನಿಂದ ಬಿಳಿ ಮರ ಇಣುಕಿತು. ಸುತ್ತ ಇದ್ದವರೆಲ್ಲ ನೋಡಲು ಬಗ್ಗಿದರು. ಎಣ್ಣೆ ಅಂಗಡಿಯ ಯಜಮಾನರು ಮಾತ್ರ ತಮಗೆ ಏನೋ ಕೆಲಸ ನೆನಪಾದವರಂತೆ ಗೇಟಿನ ಕಡೆ ಸರಿಯತೊಡಗಿದರು.

“ಎಣ್ಣೆಯವರೇ, ನಿಲ್ಲಿ!” ಎಂದು ಅಪ್ಪ ಗುಡುಗಿದರು. ಅದು ಅವರ ಹಳೆಯ, ತಪಾಸಣೆಯ ಕಾಲದ ಧ್ವನಿ. ಯಜಮಾನರ ಕಾಲು ಅಭ್ಯಾಸಬಲದಿಂದ ನಿಂತಿತು.

“ಅಪ್ಪಟ ತೇಗ ಅಂದಿದ್ರಿ.”

ಯಜಮಾನರು ಕೈ ಹೊಸಕಿಕೊಂಡರು. “ಏನ್ ಮಾಡೋದು ಸ್ವಾಮೀ? ನಮ್ಮ ಎಣ್ಣೆಯನ್ನ ಅಷ್ಟು ಸಲ ಪರೀಕ್ಷೆ ಮಾಡಿದ್ರಿ. ಕುರ್ಚಿಯನ್ನ ಒಂದು ಸಲಾನಾದ್ರೂ ಮಾಡ್ತೀರೇನೋ ಅಂತ ನಾವೂ ಕಾದ್ವಿ. ನೀವು ಮಾಡಲೇ ಇಲ್ಲ.”

ಈಗ ಬರುವ ಸಿಡಿಲನ್ನು ಎದುರಿಸಲು ನಾವೆಲ್ಲ ತಲೆ ತಗ್ಗಿಸಿದೆವು. ಅಪ್ಪನ ಭುಜ ಅಲುಗಿತು. ಹೊಟ್ಟೆ ಕುಣಿಯಿತು. ನೋಡಿದರೆ ಅಪ್ಪ ನಗುತ್ತಿದ್ದರು! ಬೆಂಚಿನ ಮೇಲಿದ್ದವರನ್ನೆಲ್ಲ ಅಲುಗಿಸುವ ನಗು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಭೂತಕನ್ನಡಿಯನ್ನು ಒರೆಸಿ, “ಜೀವಮಾನ ಪೂರ್ತಿ ಊರಿನ ಕಲಬೆರಕೆ ಹಿಡಿದೆ ಕಣ್ರೀ. ನಾನು ಕೂತಿದ್ದನ್ನೇ ಹಿಡೀಲಿಲ್ಲ!” ಎಂದರು. ಅಮ್ಮನೂ ನಕ್ಕಳು. ಅಧಿಕಾರಿಗಳು ನಗಬಹುದೋ ಬಾರದೋ ಎಂದು ಒಂದು ಕ್ಷಣ ನೋಡಿ ತಾವೂ ನಕ್ಕರು.

ನಗು ನಿಂತ ಮೇಲೆ ಅಪ್ಪ ಮೇಸ್ತ್ರಿಯನ್ನು ಹತ್ತಿರ ಕರೆದರು. “ಈ ಬೆಂಚಿನಲ್ಲಿ ಏನೇನು ಬೆರೆಸಿದ್ದೀರಿ, ನಿಜ ಹೇಳಿ.”

“ಅರ್ಧಕ್ಕಿಂತ ಜಾಸ್ತಿ ಹಳೇ ಮರದ ಪುಡಿ, ಉಳಿದದ್ದು ಹಳೇ ಪ್ಲಾಸ್ಟಿಕ್ಕು ಸಾರ್. ಮುಚ್ಚಿಡೋಕೆ ಏನಿದೆ? ಕೇಳಿದವರಿಗೆಲ್ಲ ಹೇಳ್ತೀವಿ.”

“ಹೇಳಿ ಬೆರೆಸಿದ್ದೀರಿ,” ಎಂದು ಅಪ್ಪ ತಲೆದೂಗಿದರು. ಕುರ್ಚಿಯ ಕೈಯನ್ನು ಮೇಲೆತ್ತಿ ಹಳೆಯ ಸರಕಾರಿ ಠೀವಿಯಲ್ಲಿ ಘೋಷಿಸಿದರು. “ಸದರಿ ಕುರ್ಚಿಯನ್ನು ಪರೀಕ್ಷಿಸಲಾಗಿ, ಅದು ಕಲಬೆರಕೆ ಎಂದು ಸಾಬೀತಾಗಿದೆ. ಸದರಿ ಬೆಂಚನ್ನು ಪರೀಕ್ಷಿಸಲಾಗಿ, ಅದು ಅಪ್ಪಟ ಎಂದು ಕಂಡುಬಂದಿದೆ. ಗುರುತು ಹಾಕಿದವರು ಸರಿಯಾಗಿಯೇ ಹಾಕಿದ್ದಾರೆ. ಜಪ್ತಿಯನ್ನು ಇಲ್ಲಿಗೆ ರದ್ದು ಮಾಡಲಾಗಿದೆ.”

ಮೇಸ್ತ್ರಿ ಟೋಪಿ ಹಾಕಿಕೊಂಡರು. “ಹಾಗಾದ್ರೆ ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ,” ಎಂದು ಭಾವನಿಗೆ ಹೇಳಿದರು. ಭಾವ ಇನ್ನೂ ಹುಲ್ಲಿನ ಮೇಲೆಯೇ ಕೂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು.

ಅಪ್ಪ ಎದುರುಮನೆಯಾಕೆಯ ಕಡೆಗೆ ಸ್ವಲ್ಪ ಒತ್ತರಿಸಿದರು. ಆಕೆ ತಮ್ಮ ಅತ್ತೆಯ ಮಂಚದ ಪಾಲನ್ನು ಒಲ್ಲದ ಮನಸ್ಸಿನಿಂದ ಒಂದಿಷ್ಟು ಬಿಟ್ಟುಕೊಟ್ಟರು. ಖಾಲಿಯಾದ ಜಾಗವನ್ನು ಅಪ್ಪ ಅಂಗೈಯಿಂದ ತಟ್ಟಿದರು.

“ಅಳಿಯಂದಿರೇ, ಬನ್ನಿ. ಕೂತ್ಕೊಳ್ಳಿ.”

ಭಾವ ಹಿಂದೆ ತಿರುಗಿ ನೋಡಿದರು, ಯಾರನ್ನು ಕರೆಯುತ್ತಿದ್ದಾರೆಂದು.

“ರೀ, ನಿಮ್ಮನ್ನೇ!” ಎಂದಳು ಅಕ್ಕ, ಅಳುತ್ತ ನಗುತ್ತ.

ಭಾವ ಎದ್ದು ಬಂದರು. ಕೂರುವ ಮುನ್ನ ಬೆಂಚನ್ನು ಗೆಣ್ಣಿನಿಂದ ಬಡಿದರು. ಕಿವಿಗೊಟ್ಟು ಕೇಳಿದರು. ಮೂಸಿ, ‘ಹ್ಞೂಂ’ ಎಂದರು. ಅವರ ಬಲಗೈ ತನ್ನ ಪಾಡಿಗೆ ತಾನು ಜೇಬಿನ ಸೀಮೆಸುಣ್ಣಕ್ಕೆ ಹೋಯಿತು.

ಅಪ್ಪ ಥಟ್ಟನೆ ಆ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ಬೇಡ ಅಳಿಯಂದಿರೇ. ಇದಾದ್ರೂ ಇಲ್ಲೇ ಇರ್ಲಿ.”